ಸೌತೆ ಬಳ್ಳಿಗೆ ಮುಖ ತೊಳೆಸುವ ರಹೀಮುನ್ನೀಸಾ

ಮುತ್ತಿನಕೊಪ್ಪದ ರಸ್ತೆ ಬದಿಯ ಗದ್ದೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಹೀಮುನ್ನೀಸಾ ಆಗಲೇ ಸೌತೆ ಬಳ್ಳಿಗೆ ಮುಖ ತೊಳೆಸುತ್ತಿದ್ದಾರೆ. ಬೆನ್ನ ಮೇಲೆ ಸ್ಪ್ರೇ ಕ್ಯಾನು, ಅದರ ತುಂಬ ಬರೀ ಬಾವಿ ನೀರು. ಎಲೆಯನ್ನು ಎತ್ತಿ ಹಿಡಿದು, ಮೇಲೆ ಕೆಳಗೆ ನೀರು ಹಾಯಿಸಿ, ಹಟಮಾರಿ ಮಗುವನ್ನು ಗದರುವಂತೆ ಗದರುತ್ತಾರೆ: "ಸುಮ್ನೆ ನಿಲ್ಲು ಮಾರಾಯ್ತಿ, ಕಿವಿ ಹಿಂದೆ ಇನ್ನೂ ಕೊಳೆ ಇದೆ." ಇಳಿಯುವ ನೀರು ಬೂದಿ ಕಲಸಿದ ಹಾಗಿದೆ.

ಮೇಲಿನ ಗುಡ್ಡದಲ್ಲಿ ಜಲ್ಲಿ ಕ್ರಷರ್ ಬಂದಿದೆ. ಟಾರ್ಪಾಲು ಹೊದಿಸದ ಟಿಪ್ಪರುಗಳು ಈ ಗದ್ದೆಯ ಪಕ್ಕದಲ್ಲೇ ದೂಳೆಬ್ಬಿಸಿಕೊಂಡು ಇಳಿಯುತ್ತವೆ. ಭತ್ತದ ಕೊಯ್ಲಾದ ಮೇಲೆ ಹರಿವೆ ಸೊಪ್ಪು, ಸೌತೆ ಬೆಳೆದು ಮಾರುವುದೇ ರಹೀಮುನ್ನೀಸಾರ ಬದುಕು. ದೂಳು ಮುಚ್ಚಿದ ಎಲೆಗೆ ಬಿಸಿಲೂ ಇಲ್ಲ, ಉಸಿರೂ ಇಲ್ಲ. ಹರಿವೆ ಗೇಣುದ್ದಕ್ಕೇ ನಿಂತು ಮುದಿಯಾಗುತ್ತದೆ. ಬಾಯಲ್ಲಿ ಕರಕರ ಎನ್ನುವ ಸೊಪ್ಪನ್ನು ಒಮ್ಮೆ ಕೊಂಡವರು ಮತ್ತೆ ಇತ್ತ ಸುಳಿಯುವುದಿಲ್ಲ. "ಇದು ಹೋದ್ರೆ ನಂಗೆ ಬೇರೆ ಎಂತ ಕೆಲ್ಸ ಬರ್ತದೆ ಹೇಳಿ?" ಎನ್ನುವಾಗ ಅವರ ದನಿ ಇಳಿಯುತ್ತದೆ. ಕೇಳಿದವರಿಗೂ ಸಂಕಟವಾಗುತ್ತದೆ.

ಕಳೆದ ವರ್ಷ ಅವರೊಂದು ಉಪಾಯ ಹೂಡಿದ್ದರು. ಮನೆಯ ಹಳೇ ಸೀರೆಗಳನ್ನೆಲ್ಲ ತಂದು ಸೌತೆ ಚಪ್ಪರಕ್ಕೆ ಹೊದಿಸಿಬಿಟ್ಟರು. ಟಿಪ್ಪರ್ ಡ್ರೈವರ್ ಸೋಮನಾಥ್ ದಿನವೂ ಹಾರ್ನ್ ಹೊಡೆದು, "ಎಂತ ಅಮ್ಮಾ, ಊರ ಬಟ್ಟೆಯೆಲ್ಲ ನೀವೇ ಒಗೀತೀರಾ?" ಎಂದು ಛೇಡಿಸುತ್ತಿದ್ದ. ದೂಳೇನೋ ನಿಂತಿತು. ಜೊತೆಗೆ ಜೇನ್ನೊಣ ಬರುವುದೂ ನಿಂತಿತು! ಹೂವು ರಾಶಿ, ಕಾಯಿ ಮಾತ್ರ ಬೆರಳೆಣಿಕೆ; ಅವೂ ಕುಡುಗೋಲಿನ ಹಾಗೆ ಸೊಟ್ಟ. "ನನ್ ಮದುವೆ ಸೀರೇನೂ ಹೊದಿಸಿದ್ದೆ. ಜೇನ್ನೊಣಕ್ಕೆ ಅದೂ ಹಿಡಿಸ್ಲಿಲ್ಲ," ಎಂದು ಈಗ ತಾವೇ ನಗುತ್ತಾರೆ.

ಸೀರೆ ತೆಗೆದ ಮೇಲೆ ಉಳಿದದ್ದು ತೊಳೆಯುವ ದಾರಿ. ತೊಳೆದ ಸೊಪ್ಪನ್ನು ರಸ್ತೆ ತಿರುವಿನಲ್ಲಿ ಹೋಟೆಲ್ ನಡೆಸುವ ಗೆಳತಿ ಸರ್ವಮಂಗಳಾ ಕೊಳ್ಳುತ್ತಾರೆ. ಸೋಮನಾಥನ ಊಟವೂ ಅಲ್ಲೇ. ಈ ಬೇಸಿಗೆಯಲ್ಲಿ ಒಂದು ದಿನ ಗೆಳತಿಯರಿಬ್ಬರೂ ಮಾತಾಡಿಕೊಂಡು, ತೊಳೆಯದ ಹರಿವೆಯದೇ ಒಂದು ಬಟ್ಟಲು ಪಲ್ಯ ಬೇರೆ ಮಾಡಿ ಅವನೊಬ್ಬನಿಗೇ ಬಡಿಸಿದರು. ಮೊದಲ ತುತ್ತಿಗೇ ಅವನ ದವಡೆ ನಿಂತಿತು.

"ಎಂತದಿದು, ಬರೀ ಮರಳು!"

"ಮರಳು ನಂದಲ್ಲ ಮಾರಾಯ, ನಿನ್ ಗಾಡೀದೇ," ಎಂದು ಅಡುಗೆಮನೆಯಿಂದ ರಹೀಮುನ್ನೀಸಾ ಇಣುಕಿದರು. "ದಾರೀಲಿ ಬೀಳಿಸ್ಕೊಂಡು ಹೋಗಿದ್ದೆ. ವಾಪಸ್ ಕೊಟ್ಟೆ, ಅಷ್ಟೇ."

ಸೋಮನಾಥ್ ನೀರು ಕುಡಿದು, ತಲೆ ಕೆರೆದುಕೊಂಡು ಎದ್ದುಹೋದ. ಮರುದಿನದಿಂದ ಅವನ ಟಿಪ್ಪರಿಗೆ ಟಾರ್ಪಾಲು ಬಂದಿದೆ, ಗದ್ದೆಯ ಹತ್ತಿರ ವೇಗವೂ ಇಳಿಯುತ್ತದೆ. ಉಳಿದ ಡ್ರೈವರುಗಳು ಬುತ್ತಿ ಕಟ್ಟಿಕೊಂಡು ಬರುವವರು, ಹೋಟೆಲಿಗೆ ಕಾಲಿಡುವುದಿಲ್ಲ. ಹಾಗಾಗಿ ತೊಳೆಯುವ ಕೆಲಸ ಪೂರ್ತಿ ತಪ್ಪಿಲ್ಲ.

ಆದರೂ ಈ ಸಲ ಚಪ್ಪರದಲ್ಲಿ ನೆಟ್ಟಗಿನ ಸೌತೆಕಾಯಿಗಳು ತೂಗುತ್ತಿವೆ. ಒಂದನ್ನು ಕಿತ್ತು, ಸೆರಗಿನಲ್ಲಿ ಒರೆಸಿ ನಮ್ಮ ಕೈಗಿಡುತ್ತಾರೆ. ಮುಂದೇನಾಸೆ ಎಂದು ಕೇಳಿದರೆ, ಹಣೆಗೆ ಮೆತ್ತಿದ ದೂಳನ್ನು ತೋಳಿನಿಂದ ಉಜ್ಜಿಕೊಳ್ಳುತ್ತಾ ಹೇಳುತ್ತಾರೆ:

"ಎಲ್ಲಾ ಗಾಡಿಗೂ ಟಾರ್ಪಾಲು ಬರ್ಲಿ. ಆಗ ಬೆಳಿಗ್ಗೆ ಎದ್ದು ಮೊದ್ಲು ನನ್ ಮುಖ ತೊಳ್ಕೊಳ್ತೀನಿ."