ಅಣಬೆ ಮರಗಳಿಗೆ ನೀರು ಹಾಯಿಸಿದ ವಾರ

ಕಣ್ಣಿನ ಪೊರೆ ತೆಗೆಸಲಿಕ್ಕೆಂದು ಅಪ್ಪನನ್ನು ಛತ್ರಪತಿ ಸಂಭಾಜಿನಗರಕ್ಕೆ ಕರೆಸಿಕೊಂಡವಳು ನಾನೇ. ಅಪ್ಪ ಅವ್ವ ಇರುವುದು ನಾಸಿಕ್ ರೋಡಿನಲ್ಲಿ. ಅಪ್ಪ ವಿಜಯಪುರ ಜಿಲ್ಲೆಯಿಂದ ಬಂದು ಮೂವತ್ತು ವರ್ಷ ಅಲ್ಲಿ ಸೆಂಟ್ರಿಂಗ್ ಕೆಲಸ ಮಾಡಿದವನು. ಕಾಂಕ್ರೀಟ್ ಸುರಿಯುವ ಮುಂಚೆ ಹಲಗೆ ಜೋಡಿಸಿ, ಕೆಳಗೆ ಕಂಬ ಕೊಟ್ಟು ನಿಲ್ಲಿಸುವ ಕೆಲಸ. ದಾರ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರೆ ಹಲಗೆ ಎಲ್ಲಿ ಒಂದು ನೂಲಿನೆಳೆಯಷ್ಟು ತಗ್ಗಿದೆ ಎಂದು ಹೇಳಿಬಿಡುತ್ತಿದ್ದ. ಆ ನೋಡುವ ಕಣ್ಣೇ ಮಂಜಾಗಿತ್ತು.

ನಾನು ಇಲ್ಲಿ ಒಂದು ವಿಮಾ ಕಚೇರಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ಅಪ್ಪನ ಸಲುವಾಗಿ ಹತ್ತು ದಿನ ರಜೆ ಹಾಕಿದ್ದೆ. ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ಕಣ್ಣಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಮನೆಗೆ ಕಳಿಸಿದರು. ಎರಡು ತಾಸಿಗೊಮ್ಮೆ ಡ್ರಾಪ್ಸ್ ಹಾಕಬೇಕು, ಹಾಕುವವರು ಕೈ ತೊಳೆದುಕೊಂಡಿರಬೇಕು, ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ನರ್ಸ್ ಇದನ್ನೆಲ್ಲ ನನಗೆ ಎರಡು ಸಲ ಹೇಳಿದ್ದಳು.

ಮಧ್ಯಾಹ್ನ ನಾನು ಲ್ಯಾಪ್‌ಟಾಪ್ ತೆರೆದ ಸದ್ದು ಕೇಳಿ ಅಪ್ಪ ಮಂಚದ ಮೇಲಿಂದಲೇ ಅಂದ: "ಕೆಲಸ ಮಾಡವ್ವಾ. ನನ್ನ ಸಲುವಾಗಿ ಕೆಲಸ ಕೆಡಿಸ್ಕೊಬ್ಯಾಡ."

ನಾನು ಹೂಂ ಎಂದೆ. ರಜೆಯಲ್ಲಿದ್ದೇನೆ ಎನ್ನಲಿಲ್ಲ.

ತೆರೆದದ್ದು ಕಚೇರಿಯ ಕೆಲಸವಲ್ಲ, ಒಂದು ಆಟ. ಕುಳ್ಳ ಜನರ ಒಂದು ಗುಂಪನ್ನು ಬೆಟ್ಟದೊಳಗೆ ನೆಲೆಗೊಳಿಸಿ ಬದುಕಿಸುವ ಆಟ. ನಾನು ಆರಿಸಿಕೊಂಡ ಜಾಗದಲ್ಲಿ ಹೊರಗೆ ಬರೀ ಹಿಮ, ಒಂದು ಮರವೂ ಇಲ್ಲ. ಮಂಚ ಮಾಡಲು ಮರ ಬೇಕೇ ಬೇಕು, ಆ ಆಟದಲ್ಲಿ ಕಲ್ಲಿನಿಂದ ಮಂಚ ಆಗುವುದಿಲ್ಲ. ಮೂವತ್ತು ಕುಳ್ಳರು ಬರೀ ನೆಲದ ಮೇಲೆ ಮಲಗಿ ಗೊಣಗುತ್ತಿದ್ದರು. ಅದಕ್ಕೊಂದು ಉಪಾಯವಿತ್ತು. ಆಳಕ್ಕೆ ಅಗೆಯುತ್ತ ಹೋಗಿ ಪಾತಾಳದ ಗುಹೆಯೊಂದನ್ನು ಮುಟ್ಟಿದರೆ ಅಲ್ಲಿಯ ಅಣಬೆಯ ಬೀಜ ಗಾಳಿಯಲ್ಲಿ ಮೇಲೆ ಬರುತ್ತದೆ. ಬಂಡೆಯಲ್ಲಿ ದೊಡ್ಡ ಅಂಗಳ ಕೊರೆದು, ಒಳಗಿನ ಹೊಳೆಯಿಂದ ನೀರು ಹಾಯಿಸಿ, ಒಣಗಲು ಬಿಟ್ಟರೆ ಕಲ್ಲಿನ ಮೇಲೆ ಕೆಸರು ಉಳಿಯುತ್ತದೆ. ಆ ಕೆಸರಿನಲ್ಲಿ ಅಣಬೆಗಳು ಮರದೆತ್ತರ ಬೆಳೆಯುತ್ತವೆ. ಕಡಿದರೆ ಒಳ್ಳೆಯ ದಿಮ್ಮಿ.

ಮೊದಲ ಮೂರು ದಿನ ಡ್ರಾಪ್ಸ್ ಹೊತ್ತಿಗೆ ಸರಿಯಾಗಿ ಹಾಕಿದೆ. ಫೋನಿನಲ್ಲಿ ಅಲಾರಾಂ ಇಟ್ಟಿದ್ದೆ. ನಾಲ್ಕನೆಯ ದಿನ ಆಟದ ಅಂಗಳಕ್ಕೆ ನೀರು ಬಿಟ್ಟೆ. ಕಾಲುವೆಯ ಲೆಕ್ಕ ತಪ್ಪಿತ್ತು. ನೀರು ಅಂಗಳ ತುಂಬಿ ಕುಳ್ಳರ ಊಟದ ಮನೆಗೆ ನುಗ್ಗಿತು. ಅಷ್ಟರಲ್ಲೇ ಅಲಾರಾಂ ಹೊಡೆಯಿತು.

"ಔಷಧದ ಹೊತ್ತಾತೇನವ್ವಾ?" ಅಪ್ಪ ಕೇಳಿದ.

"ಐದ್ ನಿಮಿಷ ಅಪ್ಪಾ. ಸಾಹೇಬರು ಲೈನಿನ್ಯಾಗ ಅದಾರ."

"ಮಾತಾಡು, ಮಾತಾಡು. ಅವಸರ ಇಲ್ಲ."

ನೀರು ತಡೆದು, ಗೋಡೆ ಕಟ್ಟಿಸಿ ತಲೆ ಎತ್ತಿದಾಗ ಮುಕ್ಕಾಲು ತಾಸು ಕಳೆದಿತ್ತು. ಅಪ್ಪ ಗೋಡೆ ಹಿಡಿದುಕೊಂಡು ಬಚ್ಚಲು ಮನೆಯಿಂದ ಬರುತ್ತಿದ್ದ. ಅವನ ಕೈಯಲ್ಲಿ ಬಾಟಲಿ ಇತ್ತು. ಕೆನ್ನೆಯ ಮೇಲೆ ಔಷಧ ಇಳಿದಿತ್ತು.

"ನಾನ ಹಾಕ್ಕೊಂಡ್ನಿ. ಕನ್ನಡಿ ಮುಂದ ನಿಂತ್ರ ಬರೋಬ್ಬರಿ ಬೀಳತೈತಿ. ಇನ್ನ ನೀ ಏಳಬ್ಯಾಡ."

ಆ ಮಾತು ಕೇಳಿ ನನಗೆ ಹಗುರವಾಯಿತು. ಇದನ್ನು ಬರೆಯಲು ಬಹಳ ದಿನ ಹಿಂಜರಿದೆ. ಗಾಬರಿಯಾಗಬೇಕಿತ್ತು, ಬಾಟಲಿಯ ತುದಿ ಎಲ್ಲಿ ತಾಗಿತು ಎಂದು ಕೇಳಬೇಕಿತ್ತು. ನಾನು ಕೇಳಲಿಲ್ಲ, ಅಲಾರಾಂ ತೆಗೆದುಹಾಕಿದೆ. ಆಮೇಲಿನ ಎರಡು ದಿನ "ಹಾಕ್ಕೊಂಡಿ ಏನಪ್ಪಾ?" ಎಂದು ಕೂತಲ್ಲಿಂದಲೇ ಕೇಳುವುದು, "ಹಾಕ್ಕೊಂಡ್ನಿ" ಎಂದು ಅವನು ಅನ್ನುವುದು. ಅತ್ತ ಕೆಸರು ಒಣಗಿ, ನೀಲಿ ಟೊಪ್ಪಿಗೆಯ ಮರಗಳು ಒಂದೊಂದಾಗಿ ಏಳುತ್ತಿದ್ದವು. ಸಂಜೆ ಅವ್ವನ ಫೋನು ಬಂದರೆ ಅಪ್ಪ, "ಪಾಪ, ಕೆಲಸದ ನಡಬರಕ ನನ್ನೂ ನೋಡ್ಕೊಳ್ಳಾಕತ್ಯಾಳ" ಎನ್ನುತ್ತಿದ್ದ. ಆಗಲೂ ನಾನು ತೆರೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

ಏಳನೆಯ ದಿನ ಬೆಳಿಗ್ಗೆ ಅಪ್ಪನಿಗೆ ಕಣ್ಣು ತೆರೆಯಲಾಗಲಿಲ್ಲ. ರೆಪ್ಪೆ ಊದಿ, ಒಳಗೆಲ್ಲ ಕೆಂಡದ ಬಣ್ಣವಾಗಿತ್ತು. ರಿಕ್ಷಾದಲ್ಲಿ ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ದೀಪ ಹಿಡಿದು ನೋಡಿ, ಒಳಗೆ ಸೋಂಕಾಗಿದೆ, ಈಗಲೇ ಇಂಜೆಕ್ಷನ್ ಕೊಡಬೇಕು ಎಂದರು. ಆಮೇಲೆ ಮರಾಠಿಯಲ್ಲಿ ಕೇಳಿದರು, ಡ್ರಾಪ್ಸ್ ಹಾಕುತ್ತಿದ್ದವರು ಯಾರು?

"ಮುಲಗೀಚ್ ಘಾಲತೇ," ಎಂದ ಅಪ್ಪ. ಮಗಳೇ ಹಾಕುತ್ತಾಳೆ, ಸರಿಯಾದ ಹೊತ್ತಿಗೆ ಹಾಕುತ್ತಾಳೆ, ನಿದ್ದೆಯಲ್ಲಿ ನಾನೇ ಕಣ್ಣು ಉಜ್ಜಿಕೊಂಡಿರಬೇಕು ಎಂದ.

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಕೈಚೀಲದ ದಾರ ತಿರುವುತ್ತ ನಿಂತೆ.

ಅಪ್ಪನನ್ನು ನಾಲ್ಕು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಮನೆಗೆ ಬಂದ ಮೇಲೆ ತಾಸಿಗೊಮ್ಮೆ ನಾನೇ ಔಷಧ ಹಾಕಿದೆ, ಬೆರಳು ಸುಕ್ಕಾಗುವಷ್ಟು ಸಲ ಕೈ ತೊಳೆದೆ. ರಜೆಯನ್ನು ಇನ್ನಷ್ಟು ದಿನ ಮುಂದುವರಿಸಿದ್ದೆ. ಲ್ಯಾಪ್‌ಟಾಪ್ ಕಪಾಟಿನಲ್ಲಿತ್ತು. ಮೂರನೆಯ ದಿನ ಅಪ್ಪನೇ ಕೇಳಿದ, "ನಿನ್ನ ಕೆಲಸ ಎಲ್ಲಿಗೆ ಬಂತು?"

ಸುಳ್ಳು ಹೇಳುವ ತ್ರಾಣ ನನಗಿರಲಿಲ್ಲ. ಲ್ಯಾಪ್‌ಟಾಪ್ ತಂದು ಅವನ ತೊಡೆಯ ಮೇಲಿಟ್ಟೆ. ಒಳ್ಳೆಯ ಕಣ್ಣನ್ನು ತೆರೆಯ ಹತ್ತಿರ ತಂದು ಬಹಳ ಹೊತ್ತು ನೋಡಿದ.

"ಇವೇನು?"

"ಗಿಡಾ ಅಪ್ಪಾ. ನೆಲದ ಒಳಗ ಬೆಳಿಯೋ ಅಣಬಿ ಗಿಡ. ಇದು ಆಟ. ನಾ ಆಫೀಸಿನ ಕೆಲಸ ಮಾಡ್ತಿರಲಿಲ್ಲ. ರಜಾ ತಗೊಂಡಿದ್ನಿ."

"ಗೊತ್ತೈತಿ," ಎಂದ. "ಸಾಹೇಬರ ಜೋಡಿ ಮಾತಾಡೂವಾಗ ನಿನ್ನ ದನಿ ಬ್ಯಾರೆ ಇರತೈತಿ. ಅವತ್ತ ಲೈನಿನ್ಯಾಗ ಯಾರೂ ಇರಲಿಲ್ಲ. ನನಗ ಆಪರೇಷನ್ ಆಗಿದ್ದು ಕಣ್ಣಿಂದು, ಕಿವಿದಲ್ಲ."

ನಾನು ಅಳತೊಡಗಿದೆ. ಅವನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ತೆರೆಯ ಮೇಲಿನ ಒಂದು ಮರಕ್ಕೆ ಬೆರಳಿಟ್ಟು, "ಅಣಬಿ ಕಟಿಗಿ ಮೊಳಿ ಹಿಡಿತೈತೇನು?" ಎಂದ. ಆಟದಲ್ಲಿ ಹಿಡಿಯುತ್ತದೆ ಎಂದೆ. "ಖರೇ ಅಣಬಿ ಮುಟ್ಟಿದ್ರ ಪುಡಿ ಆಗತೈತಿ," ಎಂದು ಲ್ಯಾಪ್‌ಟಾಪ್ ನನ್ನ ಕೈಗೆ ಕೊಟ್ಟ.

ಕಣ್ಣು ಉಳಿಯಿತು, ಆದರೆ ದೃಷ್ಟಿ ಪೂರ್ತಿ ಬರಲಿಲ್ಲ. ಕೊನೆಯ ತಪಾಸಣೆಯ ದಿನ ಡಾಕ್ಟರಮ್ಮ, ಇನ್ನು ಇಷ್ಟೇ, ವಸ್ತುಗಳ ಅಂಚಿನ ಗೆರೆಗಳು ಮುಂದೆಯೂ ಅಲ್ಲಾಡಿದಂತೆ ಕಾಣುತ್ತವೆ ಎಂದರು. ನಾನು ಆಗ ಹೇಳಿದೆ, ಔಷಧ ನಾನು ಹಾಕಲಿಲ್ಲ, ಮೂರು ದಿನ ಅಪ್ಪನೇ ಹಾಕಿಕೊಂಡ, ನಾನು ಪಕ್ಕದಲ್ಲೇ ಕೂತು ಆಟ ಆಡುತ್ತಿದ್ದೆ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಲಿಲ್ಲ. "ಇದನ್ನು ಅವತ್ತೇ ಹೇಳಬೇಕಿತ್ತು," ಎಂದು ಚೀಟಿ ಹರಿದು ಕೊಟ್ಟು ಮುಂದಿನವರನ್ನು ಕರೆದರು.

ಹೊರಗೆ ಬಂದ ಮೇಲೆ ಅಪ್ಪನಿಗೆ ಸಿಟ್ಟು ಬಂತು. ಇಷ್ಟೂ ದಿನದಲ್ಲಿ ಅದೇ ಮೊದಲು. "ಮಂದಿ ಮುಂದ ಯಾಕ ಹೇಳಿದಿ? ನಾ ಹೇಳಿದ ಮಾತ ಸುಳ್ಳಾತಿಲ್ಲೋ?"

ನನ್ನ ಮಾನ ಕಾಯಲು ಅವನು ಹೇಳಿದ ಮಾತನ್ನು ಅವನ ಎದುರೇ ಕೆಡವಿದ್ದೆ. ನಾನು ಹಗುರಾಗಲೆಂದು ಹೇಳಿದ್ದೆನೋ, ಸರಿಯೆಂದು ಹೇಳಿದ್ದೆನೋ, ಈಗಲೂ ತಿಳಿಯದು.

ಮರುದಿನ ಅವನನ್ನು ಬಿಟ್ಟುಬರಲು ನಾಸಿಕ್ ಬಸ್ಸು ಹತ್ತಿದೆವು. ಯೇವಲಾ ದಾಟುವವರೆಗೆ ಅಪ್ಪ ಕಣ್ಣು ಮುಚ್ಚಿ ಒರಗಿದ್ದ. ನಿಫಾಡ್ ಹತ್ತಿರ ಎದ್ದು ಕೂತು, ಕಿಟಕಿಯ ಆಚೆ ಕೈ ತೋರಿಸಿದ.

"ಇಲ್ಲೊಂದು ಮೂರ ಮಾಳಿಗಿ ಕಟ್ಟಡ ಐತಿ. ಅದರ ಮ್ಯಾಲಿನ ಸ್ಲ್ಯಾಬ್ ನಂದು. ಕಾಣತೈತಿ ನೋಡು."

ನೋಡಿದೆ. ಅವನು ತೋರಿಸಿದ ಕಡೆ ದ್ರಾಕ್ಷಿ ಚಪ್ಪರಗಳಷ್ಟೇ ಇದ್ದವು. ಮೂರು ಮಾಳಿಗೆಯ ಕಟ್ಟಡ ಆಗಲೇ ಹಿಂದೆ ಉಳಿದಿತ್ತು.

"ದಾಟಿ ಬಂದ್ವಿ ಅಪ್ಪಾ," ಎಂದೆ.

"ಹೌದಾ," ಎಂದು ಕೈ ಒಳಗೆ ತೆಗೆದುಕೊಂಡ.