ಲಾವಣಿ ಹೊಲದ ಮಲ್ಲಿಗೆಗೆ ಬಂದ ಪರಿಹಾರ

ಲಾಕ್‌ಡೌನ್ ಆದ ವರ್ಷ ಧಾರವಾಡದ ವಿಶ್ವವಿದ್ಯಾಲಯ ಮುಚ್ಚಿ ನಾನು ನಮ್ಮೂರು ಯಳವತ್ತಿಗೆ ಬಂದಾಗ ನಮ್ಮ ಹೊಲದ ಮಲ್ಲಿಗೆ ತುಂಬಿ ಹೂ ಬಿಟ್ಟಿತ್ತು. ನಮ್ಮ ಹೊಲ ಎಂದೆ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅಪ್ಪನ ಹೆಸರಿದೆ, ಅಷ್ಟೆ. ಗಿಡ ನೆಟ್ಟು ಬೆಳೆಸಿದವರು ನಾನು ಚಾಚಾ ಎಂದು ಕರೆಯುವ ಪಕ್ಕದ ಓಣಿಯ ರೈತರು. ಹನ್ನೊಂದು ವರ್ಷಗಳಿಂದ ಆ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದರು. ವರ್ಷಕ್ಕೊಮ್ಮೆ ಅಪ್ಪನ ಕೈಗೆ ಲಾವಣಿ ಹಣ ಕೊಡುತ್ತಿದ್ದರು, ಕಾಗದಪತ್ರವೇನೂ ಇರಲಿಲ್ಲ. ಲಕ್ಷ್ಮೇಶ್ವರದ ಹೂವಿನ ಪೇಟೆ ಮುಚ್ಚಿತ್ತು. ಬಿಡಿಸದಿದ್ದರೆ ಗಿಡ ಕೆಡುತ್ತದೆಂದು ಚಾಚಾ ಮತ್ತು ಅವರ ಹೆಂಡತಿ ನಸುಕಿನಲ್ಲೇ ಹೂ ಬಿಡಿಸಿ ಬದುವಿಗೆ ಸುರಿಯುತ್ತಿದ್ದರು.

ಸರ್ಕಾರ ಹೂ ಬೆಳೆಗಾರರಿಗೆ ಪರಿಹಾರ ಘೋಷಿಸಿದಾಗ ಅರ್ಜಿ ತುಂಬಿದವಳು ನಾನೇ. ಉತಾರ, ಆಧಾರ್, ಪಾಸ್‌ಬುಕ್, ಬೆಳೆಯ ನಡುವೆ ನಿಂತ ರೈತನ ಫೋಟೋ. ಉತಾರದಲ್ಲಿ ಹೆಸರಿದ್ದವರೇ ನಿಲ್ಲಬೇಕೆಂದು ಅಪ್ಪನನ್ನು ಕರೆದೊಯ್ದೆ. ವರ್ಷಗಳಿಂದ ಆ ಹೊಲಕ್ಕೆ ಕಾಲಿಡದ ಅಪ್ಪನಿಗೆ, ಗಿಡ ತುಳಿಯದಂತೆ ಎಲ್ಲಿ ನಿಲ್ಲಬೇಕೆಂದು ಚಾಚಾ ತೋರಿಸುತ್ತಿದ್ದರು.

"ಚಾಚಾ, ಒಂದೀಟು ಆ ಕಡಿ ಸರೀರಿ, ಫೋಟೋದಾಗ ಬರಾಕತ್ತೀರಿ," ಎಂದೆ. ಅವರು ಸರಿದರು. ಹಣ ಬಂದಮೇಲೆ ಅವರಿಗೆ ಕೊಟ್ಟರಾಯಿತು ಎಂದುಕೊಂಡಿದ್ದೆ, ಅಪ್ಪನನ್ನು ಕೇಳಿರಲಿಲ್ಲ.

ಹಣ ಅಪ್ಪನ ಖಾತೆಗೆ ಬಂತು. ಚಾಚಾಗೆ ಕೊಡುವ ಮಾತೆತ್ತಿದಾಗ ಅಪ್ಪ, ಹೊಲ ತಮ್ಮದು, ಆ ವರ್ಷದ ಲಾವಣಿಯೂ ಬಂದಿಲ್ಲ ಎಂದರು. ಮರುದಿನ ತೋಟಗಾರಿಕೆ ಕಚೇರಿಗೆ ಹೋಗಿ, ಬೆಳೆದವರನ್ನು ಬಿಟ್ಟು ಭೂಮಾಲೀಕರಿಗೆ ಪರಿಹಾರ ಕೊಡುವ ನಿಯಮಕ್ಕೆ ಹೊಣೆ ಯಾರೆಂದು ಲಿಖಿತ ಉತ್ತರ ಕೇಳಿದೆ. ಗುಮಾಸ್ತರು ನನ್ನ ಅರ್ಜಿಯನ್ನು ಪೂರ್ತಿ ಓದಿದರು. "ಲಾವಣಿ ಕರಾರುಪತ್ರ ತರ್ರಿ. ಇಷ್ಟ್ ಓದೀರಿ, ನಿಮ್ಮ ಮನ್ಯಾಗ ಒಂದು ಕಾಗದ ಬರಸಾಕ ಆಗೂದಿಲ್ಲೇನ್ರಿ?"

ಲಿಖಿತ ಉತ್ತರ ಇಂದಿಗೂ ಬಂದಿಲ್ಲ. ನಿಯಮ ಮಾಡಿದವರು ಉತ್ತರಿಸಲೇಬೇಕು ಎಂಬ ನನ್ನ ನಿಲುವೂ ಬದಲಾಗಿಲ್ಲ. ಆದರೆ ಗುಮಾಸ್ತರು ಕೇಳಿದ ಕಾಗದ ಹುಟ್ಟಬೇಕಾದದ್ದು ನಮ್ಮ ಮನೆಯಲ್ಲಿ.

ಅಪ್ಪ ಬರೆದುಕೊಡಲಿಲ್ಲ. ಲಾವಣಿ ಬರೆದುಕೊಟ್ಟು, ಉಳುವವನೇ ಒಡೆಯ ಎಂಬ ಕಾಯ್ದೆ ಬಂದಾಗ ಹೊಲ ಕಳೆದುಕೊಂಡವರ ಸುದ್ದಿಯನ್ನು ಅಜ್ಜನಿಂದ ಕೇಳುತ್ತ ಬೆಳೆದವರು ಅವರು. ನಾನು ದಿನವೂ ಜಗಳ ತೆಗೆದದ್ದರಿಂದ, ಕೊನೆಗೆ ಚಾಚಾನನ್ನು ಕರೆಸಿ ಅರ್ಧ ಹಣ ಕೊಟ್ಟರು; ಉಳಿದರ್ಧವನ್ನು ಲಾವಣಿಗೆ ಹಿಡಿದುಕೊಂಡರು. ಹೂವೆಲ್ಲ ಬದುವಿನ ಮೇಲೆ ಕೊಳೆತ ವರ್ಷಕ್ಕೂ ಲಾವಣಿ! ಕಟ್ಟೆ ಇಳಿದು ಹೊರಟ ಚಾಚಾನ ಹಿಂದೆಯೇ ಹೋಗಿ, ತಹಶೀಲ್ದಾರರಿಗೆ ಅರ್ಜಿ ಬರೆಯುತ್ತೇನೆ, ಸಹಿ ಮಾಡಿ ಎಂದೆ.

"ಬ್ಯಾಡ ಯವ್ವಾ. ನೀ ಧಾರವಾಡಕ್ಕ ಹೋಗಾಕಿ. ನಾ ನಾಳಿ ಮತ್ತ ಇದ ಹೊಲಕ್ಕ ಬರಬೇಕು."

ಅವರು ಸಹಿ ಮಾಡಲಿಲ್ಲ. ಹಾಗಾಗಿ ಇದನ್ನು ನನ್ನ ಹೊಣೆಯಲ್ಲೇ ಬರೆಯುತ್ತಿದ್ದೇನೆ: ಆ ಹೊಲದ ಹೂ ಬೆಳೆಗಾರ ನನ್ನ ಅಪ್ಪನಲ್ಲ. ಚಾಚಾಗೆ ಸೇರಬೇಕಾದ ಅರ್ಧ ಪರಿಹಾರ ಈಗಲೂ ನಮ್ಮಲ್ಲೇ ಇದೆ.