ಹದಿನಾಲ್ಕು ಟ್ಯಾಕ್ಸಿಗೆ ಒಂದೇ ಸಿಲಿಂಡರ್

“ಇಳೀರಿ ಸಾರ್, ಬೆಂಕಿ!” ಅಂತ ಡ್ರೈವರ್ ಮಂಜಣ್ಣ ಕೂಗಿಕೊಂಡಾಗ ನಾವು ಬೀರೂರು ದಾಟಿ ಎರಡು ಕಿಲೋಮೀಟರ್ ಕೂಡ ಆಗಿರಲಿಲ್ಲ.

ಹೋದ ವಾರದ ಮಾತು. ನಮ್ಮತ್ತೆಯ ಕಣ್ಣು ತೋರಿಸಲು ಅಜ್ಜಂಪುರದಿಂದ ಕಡೂರಿಗೆ ಟ್ಯಾಕ್ಸಿಯಲ್ಲಿ ಹೊರಟಿದ್ದೆವು. ಹಳದಿ ಬೋರ್ಡು, ಪರ್ಮಿಟ್ಟು, ಡ್ರೈವರ್ ಬ್ಯಾಡ್ಜು, ಎಲ್ಲ ಪಕ್ಕಾ. (ನಾನು ವೈಟ್ ಬೋರ್ಡ್ ಬಾಡಿಗೆ ಗಾಡಿ ಹತ್ತುವವನಲ್ಲ. ಅಷ್ಟು ಶಿಸ್ತು!) ನೋಡಿದರೆ ಬಾನೆಟ್ಟಿನಿಂದ ಕಪ್ಪು ಹೊಗೆ. ಅತ್ತೆಗೆ ಎರಡೂ ಮಂಡಿ ನೋವು, ಕಾರಿಂದ ಇಳಿಯುವುದೆಂದರೆ ಐದು ನಿಮಿಷದ ಕೆಲಸ.

“ಫೈರ್ ಸಿಲಿಂಡರ್ ಎಲ್ಲಯ್ಯಾ?”

“ರಮೇಶನ್ ಗಾಡೀಲೈತೆ ಸಾರ್. ಇವತ್ತು ಅವನ್ದು ಎಫ್‌ಸಿ.”

ಅತ್ತೆಯನ್ನು ನಾನು ಹೇಗೋ ಎತ್ತಿ ಇಳಿಸಿದೆ. ಮಂಜಣ್ಣ ರಸ್ತೆ ಬದಿಯ ಮಣ್ಣನ್ನು ಬೊಗಸೆ ಬೊಗಸೆ ಎರಚಿ ಬೆಂಕಿ ಆರಿಸಿದ. ಪುಣ್ಯಕ್ಕೆ ಸುಟ್ಟಿದ್ದು ವೈರಿಂಗ್ ಮಾತ್ರ.

ಬೇರೆ ಗಾಡಿಗೆ ಕಾಯುತ್ತಾ ಕೂತಾಗ ಕಥೆ ಹೊರಬಿತ್ತು. ಅವರ ಸ್ಟ್ಯಾಂಡಿನಲ್ಲಿ ಹದಿನಾಲ್ಕು ಟ್ಯಾಕ್ಸಿ. ಫೈರ್ ಸಿಲಿಂಡರ್ ಒಂದೇ. ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸುವ ದಿನ ಯಾರದ್ದಿದೆಯೋ ಅವರ ಗಾಡಿಗೆ ಅದರ ಸವಾರಿ. ಫಸ್ಟ್ ಏಡ್ ಡಬ್ಬಿಯೂ ಹಾಗೇ!

“ಏನಪ್ಪಾ ಮಂಜಾ, ಟೈರಾದ್ರೂ ನಿನ್ವೇನಾ?” ಅಂದರು ಅತ್ತೆ.

ಅಲ್ಲಾ ಸ್ವಾಮಿ, ಆ ಸಿಲಿಂಡರಿನ ಹೊಟ್ಟೆ ಮೇಲೆ ದೊಡ್ಡದೊಂದು ನೆಗ್ಗು ಇದೆಯಂತೆ. ಹದಿನಾಲ್ಕು ಗಾಡಿಯಲ್ಲೂ ಅದೇ ನೆಗ್ಗು ನೋಡಿದ ಆರ್‌ಟಿಒ ಸಾಹೇಬರಿಗೆ ಒಂದು ದಿನವೂ ಅನುಮಾನ ಬರಲಿಲ್ಲವೇ? ಫಾರ್ಮಿನಲ್ಲಿ ಸಿಲಿಂಡರ್ ಇರಬೇಕು, ಇದೆ, ಟಿಕ್. ಮುಗೀತು. ಅದು ನಾಳೆಯೂ ಗಾಡಿಯಲ್ಲಿರುತ್ತದೋ ಇಲ್ಲವೋ, ಯಾವನಿಗೆ ಬೇಕು? ಸರ್ಕಾರ ಒಂದಾದ ಮೇಲೊಂದು ರೂಲ್ಸ್ ಮಾಡುತ್ತಲೇ ಇದೆ. ನಾವು ಅದನ್ನು ಒಂದು ದಿನದ ಮಟ್ಟಿಗೆ ಪಾಲಿಸುತ್ತಲೇ ಇದ್ದೇವೆ. ಕರ್ಮ!

“ಎಲ್ರೂ ಹಂಗೇ ಮಾಡೋದು ಸಾರ್. ಸಾಹೇಬ್ರಿಗೂ ಗೊತ್ತು,” ಅಂದ ಮಂಜಣ್ಣ. ನನಗೆ ಮೈಯೆಲ್ಲ ಉರಿದುಹೋಯಿತು. “ಮುದುಕಿ ಒಳಗೇ ಸಿಕ್ಕಿಕೊಂಡಿದ್ದರೆ ಸಾಹೇಬರು ಬರ್ತಿದ್ರೇನೋ?” ಅಂತ ಚೆನ್ನಾಗಿ ಉಗಿದೆ. ಪಾಪ, ಕಣ್ಣಲ್ಲಿ ನೀರು ತಂದುಕೊಂಡ. ಅತ್ತೆಯ ಕಾಲು ಮುಟ್ಟಿ, ನಾಳೆಯೇ ಸ್ವಂತ ಸಿಲಿಂಡರ್ ತರುತ್ತೇನೆ ಅಂದ.

ಮೊನ್ನೆ ಅವನದೇ ಫೋನ್. “ಗಾಡಿ ರಿಪೇರಿ ಆಯ್ತು ಸಾರ್. ಸಿಲಿಂಡರ್ರೂ ತಗೊಂಡೆ, ಹೊಸಾದು!”

ಖುಷಿಯಾಯಿತು. ಬರೆದಿಟ್ಟ ರೂಲ್ಸಿಗಿಂತ ಬೈದಿದ್ದೇ ಹೆಚ್ಚು ಕೆಲಸ ಮಾಡುತ್ತದೆ ಅಂದುಕೊಂಡೆ. “ಭೇಷ್! ಸೀಟಿನ ಕೆಳಗೆ ಇಟ್ಟಿದೀಯ ತಾನೇ?”

“ಅಯ್ಯೋ, ಇಲ್ಲ ಸಾರ್. ಗಾಡೀಲಿಟ್ರೆ ಎಫ್‌ಸಿಗೆ ಅಂತ ಯಾರಾದ್ರೂ ಎತ್ಕೊಂಡ್ ಹೋಗ್ತಾರೆ ಕಣ್ರೀ. ಮನೇಲಿ ಬೀರುವೊಳಗಿಟ್ಟು ಬೀಗ ಹಾಕಿದೀನಿ.”

ಇನ್ನು ಮುಂದೆ ಕಾರಿಗೆ ಬೆಂಕಿ ಬಿದ್ದರೆ, ಆ ಬೆಂಕಿಯನ್ನೇ ಮಂಜಣ್ಣನ ಮನೆಗೆ ಕರೆದುಕೊಂಡು ಹೋಗಬೇಕೇ?